ಹೆಡ್‌ಫೋನಿನ ಸವತಿ

ಸತ್ತು ಹದಿನೇಳು ವರ್ಷವಾದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವವಳನ್ನು ನೀವು ಕಂಡಿರಲಿಕ್ಕಿಲ್ಲ. ನಾನಿದ್ದೇನೆ, ನೋಡಿ. ಹೆಸರು ಮಹಾನಂದಾ, ವಯಸ್ಸು ನಲವತ್ತೆರಡು, ಕೆಂಗಲ್ಲೂರಿನ ಎದೆರೋಗದ ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಊರಲ್ಲಿ ಯಾರೂ ಅದನ್ನು ಎದೆರೋಗದ ಆಸ್ಪತ್ರೆ ಅನ್ನುವುದಿಲ್ಲ, ಧೂಳಿನ ದವಾಖಾನೆ ಅನ್ನುತ್ತಾರೆ. ಊರಿನ ಮೂರು ದಿಕ್ಕಿಗೆ ಕೆಂಪು ಗ್ರಾನೈಟಿನ ಕ್ವಾರಿಗಳು, ನಾಲ್ಕನೆಯ ದಿಕ್ಕಿಗೆ ಆ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಫ್ಯಾಕ್ಟರಿಗಳು. ನಮ್ಮಲ್ಲಿ ರೋಗಿಗಳಿಗೆ ಬರ ಎಂದೂ ಬಂದಿಲ್ಲ.

ನನ್ನ ಕೆಲಸ ಹೇಳಲು ಸುಲಭ. ಮೂಗಿಗೆ ಕ್ಲಿಪ್ ಹಾಕಬೇಕು, ಬಾಯಿಗೆ ಕೊಳವೆ ಕೊಡಬೇಕು, ಎದೆ ತುಂಬ ಉಸಿರು ಎಳೆದುಕೊಳ್ಳಿ ಅನ್ನಬೇಕು, ಆಮೇಲೆ ಒಂದೇ ಏಟಿಗೆ ಜೋರಾಗಿ ಊದಿಸಿ ಆರು ಸೆಕೆಂಡು ಬಿಡದೆ ಊದಿಸುತ್ತಲೇ ಇರಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು, ಒಟ್ಟು ಎಷ್ಟು ಬಂತು, ಈ ಎರಡು ಅಂಕಿ ಸಿಕ್ಕರೆ ಶ್ವಾಸಕೋಶದ ಜಾತಕ ಬರೆಯಬಹುದು. ದಮ್ಮು ಇರುವವರಿಗೆ ಒಳಗಿನ ಕೊಳವೆಗಳು ಬಿಗಿದಿರುತ್ತವೆ. ಗಾಳಿ ಇರುತ್ತದೆ, ಹೊರಗೆ ಬರಲು ತಡ ಮಾಡುತ್ತದೆ, ಮೊದಲ ಸೆಕೆಂಡಿನ ಅಂಕಿ ಬೀಳುತ್ತದೆ. ಕಲ್ಲಿನ ಧೂಳು ನುಂಗಿದವರದು ಬೇರೆ ಕಥೆ. ಅವರ ಶ್ವಾಸಕೋಶ ಸುಟ್ಟು ಮಾಗಿದ ಚರ್ಮದ ಹಾಗೆ ಗಡುಸಾಗಿ ಹಿಗ್ಗುವುದನ್ನೇ ಬಿಟ್ಟಿರುತ್ತದೆ, ಒಟ್ಟು ಗಾಳಿಯೇ ಕಡಿಮೆ. ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತನಿಗೆ ನೂರು ಎಂದಿಟ್ಟುಕೊಂಡರೆ ಇವರಿಗೆ ಅರವತ್ತು, ಐವತ್ತು, ಕೆಲವರಿಗೆ ಮೂವತ್ತು.

ಈ ಪರೀಕ್ಷೆಯಲ್ಲಿ ಒಂದು ಹುಳುಕಿದೆ. ರಕ್ತಪರೀಕ್ಷೆಗೆ ಕೈ ಚಾಚಿದರೆ ಸಾಕು, ಎಕ್ಸ್‌ರೇಗೆ ಸುಮ್ಮನೆ ನಿಂತರೆ ಸಾಕು. ಇದಕ್ಕೆ ರೋಗಿ ಮನಸ್ಸು ಮಾಡಬೇಕು. ಊದಿ ಅಂದರೆ ನಮ್ಮ ಜನ ಒಲೆ ಊದುವ ಹಾಗೆ ತುಟಿ ಮುಂದೆ ಮಾಡಿ ಕೆನ್ನೆ ಉಬ್ಬಿಸುತ್ತಾರೆ. ಎದೆಯ ಗಾಳಿ ಎದೆಯಲ್ಲೇ ಉಳಿಯುತ್ತದೆ, ಕೆನ್ನೆಯ ಗಾಳಿ ಮಾತ್ರ ಯಂತ್ರಕ್ಕೆ ಹೋಗುತ್ತದೆ. ಹದಿನೈದು ವರ್ಷ ನಾನು ಅವರ ಎದುರು ನಿಂತು ಇನ್ನೂ, ಇನ್ನೂ, ಬಿಡಬೇಡಿ, ಇನ್ನೂ ಎಂದು ಗಂಟಲು ಹರಿದುಕೊಂಡಿದ್ದೇನೆ. ಹೊರಗೆ ಕೂತವರು ಒಳಗೆ ಹೆರಿಗೆ ಆಗುತ್ತಿದೆ ಅಂದುಕೊಂಡದ್ದುಂಟು.

ಮೂರು ವರ್ಷದ ಹಿಂದೆ ಒತ್ತಾಸೆ ಎಂಬ ಹೆಸರಿನದೊಂದು ಬಂತು. ಊಟದ ಡಬ್ಬಿಯಷ್ಟು ಯಂತ್ರ, ಅದಕ್ಕೊಂದು ಊದುವ ಕೊಳವೆ, ಒಂದು ಹೆಡ್‌ಫೋನು. ಅದನ್ನು ಮಾಡಿದವರು ಹಿಡಿದ ಎಳೆ ತೀರ ಸಣ್ಣದು. ಮನುಷ್ಯನ ಉಸಿರು ಎಲ್ಲರ ಮಾತನ್ನೂ ಒಂದೇ ಥರ ಕೇಳುವುದಿಲ್ಲ. ಟೆಕ್ನಿಷಿಯನ್ ಹೇಳಿದರೆ ಒಂದಷ್ಟು ಊದುತ್ತಾನೆ, ಹೆತ್ತವ್ವ ಹೇಳಿದರೆ ಇನ್ನಷ್ಟು. ಹಾಗಾದರೆ ಯಾರ ದನಿಗೆ ಅವನ ಎದೆ ಪೂರ್ತಿ ಖಾಲಿಯಾಗುತ್ತದೆ? ಅವನನ್ನು ಕೇಳಿ ಪ್ರಯೋಜನವಿಲ್ಲ, ಅವನಿಗೇ ಗೊತ್ತಿರುವುದಿಲ್ಲ. ಒತ್ತಾಸೆ ಉಸಿರನ್ನೇ ಕೇಳುತ್ತದೆ. ಯಾರದೂ ಅಲ್ಲದ ಒಂದು ದನಿಯಿಂದ ಶುರು ಮಾಡಿ, ಗಂಡೋ ಹೆಣ್ಣೋ, ದಪ್ಪವೋ ತೆಳುವೋ, ಎಳೆದು ಹೇಳುವುದೋ ತಟ್ಟನೆ ಹೇಳುವುದೋ, ಊದು ಅನ್ನುವುದೋ ಬಿಡು ಅನ್ನುವುದೋ ಒತ್ತು ಅನ್ನುವುದೋ, ಕಡತದಲ್ಲಿರುವ ಹೆಸರು ಹಿಡಿದು ಕರೆಯುವುದೋ ಬೇಡವೋ ಎಂದು ಚೂರುಚೂರೇ ಬದಲಿಸುತ್ತಾ ಹೋಗುತ್ತದೆ. ಪ್ರತಿ ಬದಲಾವಣೆಗೆ ಗಾಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅಳೆಯುತ್ತದೆ. ಹೆಚ್ಚಿಸಿದ್ದನ್ನು ಇಟ್ಟುಕೊಳ್ಳುತ್ತದೆ, ಮಿಕ್ಕದ್ದನ್ನು ಬಿಸಾಕುತ್ತದೆ. ಹದಿನೈದು ಬಾರಿ ಊದುವಷ್ಟರಲ್ಲಿ ಕಿವಿಯಲ್ಲಿ ಒಂದು ದನಿ ಕಡೆದು ನಿಂತಿರುತ್ತದೆ. ಅದು ಯಾರದೆಂದು ಯಂತ್ರಕ್ಕೆ ಗೊತ್ತಿಲ್ಲ. ಕೇಳಿದವನಿಗೆ ಗೊತ್ತಾಗಿಬಿಡುತ್ತದೆ.

ಮೊದಲ ತಿಂಗಳು ದವಾಖಾನೆ ತುಂಬ ಅಳುವೇ ಅಳು. ಅರವತ್ತು ದಾಟಿದ ಕಲ್ಲುಕುಟಿಗರು ಹೆಡ್‌ಫೋನು ತೆಗೆದು, ನಮ್ಮವ್ವ ಬಂದಿದ್ದಳು ಎಂದು ಮೂಗು ಒರೆಸಿಕೊಳ್ಳುತ್ತಿದ್ದರು. ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ, ನಾಲ್ಕನೇ ಇಯತ್ತೆಯಲ್ಲಿ ತಮ್ಮನ್ನು ಬಡಿಯುತ್ತಿದ್ದ ಮಾಸ್ತರರ ದನಿ ಬಂತು. ಆಮೇಲೆ ಮನೆಗಳಲ್ಲಿ ಜಗಳ ಶುರುವಾಯಿತು. ಗಂಡನಿಗೆ ಅತ್ತೆಯ ದನಿ ಬಂತೆಂದು ಒಬ್ಬ ಸೊಸೆ ತವರಿಗೆ ಹೋದಳು. ಮಗನಿಗೆ ಸೊಸೆಯ ದನಿ ಬಂತೆಂದು ಇನ್ನೊಬ್ಬ ಅತ್ತೆ ಮೂರು ದಿನ ಊಟ ಬಿಟ್ಟಳು. ಕೆಮ್ಮೇ ಇಲ್ಲದವರು ಸತ್ತವರ ದನಿ ಕೇಳುವ ಆಸೆಗೆ ಸುಳ್ಳು ಕೆಮ್ಮು ಕೆಮ್ಮುತ್ತಾ ಸಾಲಿನಲ್ಲಿ ನಿಂತರು. ಕಡೆಗೆ ಸರ್ಕಾರ ಕಟ್ಟುನಿಟ್ಟು ಮಾಡಿತು. ಒಬ್ಬ ರೋಗಿಗೆ ಒಂದೇ ದನಿ. ಅದು ಯಂತ್ರದೊಳಗೇ ಇರಬೇಕು, ನಕಲು ತೆಗೆಯುವಂತಿಲ್ಲ, ರೋಗಿಯ ಕಿವಿಗಲ್ಲದೆ ಇನ್ನೊಬ್ಬರಿಗೆ ಕೇಳಿಸುವಂತಿಲ್ಲ, ಅಳಿಸಿದರೆ ಹೋಯಿತು. ನಾನು ಇದನ್ನೆಲ್ಲ ನೋಡಿ ನಗುತ್ತಿದ್ದೆ. ಈ ಊರಿನ ಹೆಂಗಸರಿಗೆ ಬುದ್ಧಿ ಇಲ್ಲ ಅಂದುಕೊಂಡಿದ್ದೆ.

ನಮ್ಮ ಮನೆಯವರಿಗೆ ನಾನು ಎರಡನೆಯವಳು. ಮೊದಲನೆಯವಳು ಹುಲಿಗೆವ್ವ, ಕ್ವಾರಿಯಲ್ಲಿ ಇವರ ಜೊತೆಗೇ ಕೆಲಸ ಮಾಡುತ್ತಿದ್ದಳಂತೆ. ಅವಳು ಹೋಗಿ ಮೂರು ವರ್ಷಕ್ಕೆ ನಾನು ಬಂದೆ. ಅಷ್ಟರಲ್ಲಿ ಇವರು ಕ್ವಾರಿ ಬಿಟ್ಟು ಪಾಲಿಶ್ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದರು. ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ, ಒಂದು ಸೀರೆ ಇರಲಿಲ್ಲ, ಇವರ ಬಾಯಲ್ಲಿ ಅವಳ ಸುದ್ದಿಯೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೇ ಪೆಟ್ಟಿಗೆ, ಗೂಡು, ಅಟ್ಟ ಎಲ್ಲ ತಡಕಾಡಿ ನೋಡಿದ್ದೆ. ಏನೂ ಸಿಗಲಿಲ್ಲ. ಗೆದ್ದೆ ಅಂದುಕೊಂಡೆ. ಹದಿನಾಲ್ಕು ವರ್ಷ ಹಾಗೇ ಅಂದುಕೊಂಡಿದ್ದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಇವರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಯಿತು. ಕುರ್ಚಿಯಲ್ಲಿ ಕೂರಿಸಿ ನಾನೇ ಕೂಗಿ ಕೂಗಿ ಊದಿಸಿದೆ. ನಲವತ್ತನಾಲ್ಕು. ನಮ್ಮ ಡಾಕ್ಟರು ಅರ್ಜುಮಂದ್ ಬಾನು, ವಿಜಯಪುರದ ಹುಡುಗಿ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಮಾತು ಕಡಿಮೆ. ಆಕೆ ಎಕ್ಸ್‌ರೇ ನೋಡಿ, ಇದಕ್ಕೆ ಔಷಧವಿಲ್ಲ, ಆದರೆ ತೊಳೆಯುವುದಿದೆ ಅಂದಳು. ಒಂದು ಶ್ವಾಸಕೋಶಕ್ಕೆ ಬೆಚ್ಚಗಿನ ಉಪ್ಪುನೀರು ತುಂಬಿಸಿ, ಅಲ್ಲಾಡಿಸಿ, ಧೂಳನ್ನು ಹೊರಗೆ ತೆಗೆಯುವ ಚಿಕಿತ್ಸೆ ಅದು. ವರ್ಷಕ್ಕೊಮ್ಮೆ ಹೊರಗಿನಿಂದ ತಂಡ ಬಂದು ನಮ್ಮಲ್ಲಿ ಮಾಡುತ್ತದೆ. ತೊಳೆಯುವಷ್ಟು ಹೊತ್ತು ಇನ್ನೊಂದು ಕಡೆಯ ಶ್ವಾಸಕೋಶವೇ ಇಡೀ ದೇಹವನ್ನು ತಡೆದುಕೊಳ್ಳಬೇಕು. ಆದ್ದರಿಂದ ಆ ದಿನ ಬೆಳಿಗ್ಗೆ ಊದಿದಾಗ ಐವತ್ತು ಬರದಿದ್ದರೆ ಮುಟ್ಟುವುದಿಲ್ಲ. ತಂಡ ಬರಲು ಎಂಟು ವಾರ ಇತ್ತು. ಮುಂದಿನ ವರ್ಷ ಅಂದರೆ ಈ ಎದೆ ಅಷ್ಟು ದಿನ ಕಾಯುವುದಿಲ್ಲ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರು ಒತ್ತಾಸೆ ಹಾಕಿ ಅಂದಳು. ಹಾಕಿದೆ. ನಾಲ್ಕೈದು ಬಾರಿ ಇವರು ಎಲ್ಲರ ಹಾಗೇ ಕೆನ್ನೆ ಉಬ್ಬಿಸಿದರು. ಒಂಬತ್ತನೆಯದಕ್ಕೆ ಬೆನ್ನು ನೆಟ್ಟಗಾಯಿತು. ಹನ್ನೆರಡನೆಯದಕ್ಕೆ ಎರಡೂ ಪಾದ ಅಗಲ ಮಾಡಿ ನೆಲಕ್ಕೆ ಒತ್ತಿ ಕೂತರು. ಹದಿನೈದನೆಯದಕ್ಕೆ ಊದಿದ ರಭಸಕ್ಕೆ ಪರದೆಯ ಮೇಲಿನ ಗೆರೆ ಸೆಟೆದು ಮೇಲೆದ್ದಿತು. ನಲವತ್ತೆಂಟು. ಇದೇ ದನಿಯಲ್ಲಿ ದಿನಕ್ಕೆ ಮೂರು ಸಲ ಮನೆಯಲ್ಲಿ ಉಸಿರಿನ ವ್ಯಾಯಾಮ ಮಾಡಿದರೆ ಎದೆಯ ಸ್ನಾಯು ಗಟ್ಟಿಯಾಗಿ ಐವತ್ತು ದಾಟಬಹುದು ಎಂದು ಡಾಕ್ಟರು ಯಂತ್ರವನ್ನು ಮನೆಗೆ ಕೊಟ್ಟು ಕಳಿಸಿದಳು.

ಯಾರ ದನಿ ಎಂದು ಟೆಕ್ನಿಷಿಯನ್ ಕೇಳುವಂತಿಲ್ಲ, ಅದು ನಿಯಮ. ಹೆಂಡತಿ ಕೇಳಬಾರದು ಎಂದು ಯಾವ ನಿಯಮವೂ ಇಲ್ಲ. ರೊಟ್ಟಿ ಬಡಿಸುತ್ತಾ ಕೇಳಿದೆ. ಇವರು ಪಲ್ಯ ಕಲಸಿಕೊಳ್ಳುತ್ತಾ, "ಹುಲಿಗೀದು" ಅಂದರು. ಉಪ್ಪು ಸರಿಯಾಗಿದೆ ಅನ್ನುವಷ್ಟೇ ಸಲೀಸಾಗಿ.

ಅಂದಿನಿಂದ ನಮ್ಮ ಮನೆಯಲ್ಲಿ ಮೂರು ಜನ. ಬೆಳಿಗ್ಗೆ ಚಹಾ ಆದ ಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇವರು ಕೊಳವೆಯ ಬದಲು ವ್ಯಾಯಾಮಕ್ಕೆಂದು ಕೊಟ್ಟ ಮಾಸ್ಕನ್ನು ಮುಖಕ್ಕೆ, ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು ಮಂಚದ ತುದಿಗೆ ಕೂರುತ್ತಿದ್ದರು. ಹಾಗೆ ಕೂತಾಗ ನಾನು ಕರೆದರೆ ಕೇಳಿಸದು, ಎದುರಿಗೆ ಹೋಗಿ ನಿಂತರೆ ಕಾಣಿಸದು. ಅದನ್ನೂ ಸಹಿಸಿಕೊಂಡೇನು, ಆದರೆ ಇವರು ದಿನಾ ಬೆಳಿಗ್ಗೆ ಗಡ್ಡ ತೆಗೆಯತೊಡಗಿದರು. ನನ್ನ ತಮ್ಮನ ಮದುವೆಗೆ ನಾಲ್ಕು ದಿನದ ಗಡ್ಡ ಬಿಟ್ಟುಕೊಂಡು ಬಂದವರು ಅವಳ ದನಿ ಕೇಳಲು ನುಣ್ಣಗೆ ಗಡ್ಡ ಹೆರೆದುಕೊಂಡು ಕೂರುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ದವಾಖಾನೆಯಲ್ಲಿ ರೋಗಿಗಳ ಮೇಲೆ ಹರಿಹಾಯುತ್ತಿದ್ದೆ, ಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಅಂಕಿ ಮಾತ್ರ ಏರುತ್ತಿತ್ತು. ಎರಡನೇ ವಾರ ಐವತ್ತು, ನಾಲ್ಕನೇ ವಾರ ಐವತ್ತನಾಲ್ಕು. ಡಾಕ್ಟರು ಖುಷಿಯಲ್ಲಿ ನನ್ನ ಭುಜ ತಟ್ಟಿದಳು. ನಾನೂ ನಕ್ಕೆ. ನನ್ನ ಗಂಡನ ಎದೆ ಇನ್ನೊಬ್ಬಳ ಮಾತಿಗೆ ಹಿಗ್ಗುತ್ತಿದೆ ಎಂದು ಸಂತೋಷಪಡುವುದು ನನ್ನ ಡ್ಯೂಟಿಯಾಗಿತ್ತು.

ಐದನೇ ವಾರದ ಮೊದಲ ದಿನ ವ್ಯಾಯಾಮದ ನಡುವೆ ಇವರಿಗೆ ಕೆಮ್ಮು ಬಂತು. ಹೆಡ್‌ಫೋನು ಮಂಚದ ಮೇಲಿಟ್ಟು ಬಚ್ಚಲಿಗೆ ಹೋದರು. ಅದರೊಳಗಿನಿಂದ ಸಣ್ಣಗೆ ಸದ್ದು ಬರುತ್ತಿತ್ತು. ನಿಯಮ ನನಗೆ ಗೊತ್ತಿತ್ತು, ಎತ್ತಿ ಕಿವಿಗಿಟ್ಟುಕೊಂಡೆ.

ಇಂಪಾದ ದನಿ ಇರಬಹುದೆಂದು ಎಣಿಸಿದ್ದೆ. ಹಾಗಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಇದು ಒರಟು ದನಿ, ಬಿಸಿಲಲ್ಲಿ ಒಣಗಿದ ಗಂಟಲು. "ಒತ್ತು. ಹೂಂ, ಒತ್ತು. ಸಡಿಲ ಬಿಡಬ್ಯಾಡ, ಇನ್ನಾ ಒತ್ತು" ಅನ್ನುತ್ತಿತ್ತು. ಪ್ರತಿ ಸಲ ಅದಕ್ಕೆ ಮುಂಚೆ ಇವರ ಹೆಸರನ್ನು ಅರ್ಧಕ್ಕೆ ಮುರಿದು, ಎತ್ತಿಗೆ ಕೂಗುವ ಹಾಗೆ ಕೂಗುತ್ತಿತ್ತು. ಬಹುವಚನ ಇಲ್ಲ, ರೀ ಇಲ್ಲ, ಮರ್ಯಾದೆ ಇಲ್ಲ. ಕಟ್ಟಿಕೊಂಡ ಗಂಡನನ್ನು ಹೆಸರು ಹಿಡಿದು ಕರೆಯುವಷ್ಟು ಸಲಿಗೆ ಅವಳಿಗಿತ್ತು. ಹದಿನಾಲ್ಕು ವರ್ಷದಲ್ಲಿ ನಾನು ರೇಷನ್ ಕಾರ್ಡಿಗೂ ಆ ಹೆಸರನ್ನು ಬರೆದು ತೋರಿಸಿದ್ದೇನೆಯೇ ಹೊರತು ಬಾಯಿಬಿಟ್ಟು ಹೇಳಿದವಳಲ್ಲ. ಇವರು ಬಾಯಿ ತೊಳೆದುಕೊಂಡು ಬರುವಷ್ಟರಲ್ಲಿ ಹೆಡ್‌ಫೋನನ್ನು ಇದ್ದಲ್ಲೇ ಇಟ್ಟೆ.

ಮಾರನೆಯ ದಿನ ಮಧ್ಯಾಹ್ನ ಇವರು ಸಂತೆಗೆ ಹೋಗಿದ್ದರು. ಒತ್ತಾಸೆಯಲ್ಲಿ ಇನ್ನೊಂದು ಸೌಕರ್ಯ ಇದೆ. ಎಷ್ಟು ಊದಿದರೂ ದನಿ ಕಡೆಯಲು ಬಾರದ ಕೆಲವರು ಇರುತ್ತಾರೆ. ಅಂಥವರಿಗೆ ಮನೆಯ ಯಾರಾದರೂ ಐದು ಮಾತು ಹೇಳಿದರೆ ಯಂತ್ರ ಆ ದನಿಯನ್ನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಟೆಕ್ನಿಷಿಯನ್ನಿನ ಕೀಲಿಸಂಖ್ಯೆ ಬೇಕು, ಅದು ನನ್ನ ಹತ್ತಿರವೇ ಇತ್ತು. ರೋಗಿಯನ್ನು ಹೆಸರು ಹಿಡಿದು ಕರೆಯಿರಿ ಎಂದಿತು. ರೀ ಅಂದೆ. ಒಪ್ಪಿಕೊಂಡಿತು. ಎಳೆದುಕೊಳ್ಳಿ, ಊದಿ, ಇನ್ನೂ, ಸಾಕು, ಎಲ್ಲ ಹೇಳಿದೆ. ಹಳೆಯ ದನಿ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿತು. ಎರಡು ಸಲ ಕೇಳಿತು. ಎರಡು ಸಲವೂ ಹೌದು ಅಂದೆ.

ಸಂಜೆ ಇವರು ಹೆಡ್‌ಫೋನು ಹಾಕಿಕೊಂಡರು. ಒಮ್ಮೆ ತೆಗೆದು ನೋಡಿದರು. ನನ್ನನ್ನು ನೋಡಿದರು. ಮತ್ತೆ ಹಾಕಿಕೊಂಡು ಶುರು ಮಾಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ಸೆರಗು ಬಿಗಿದುಕೊಂಡು ನಿಂತಿದ್ದೆ. ಒಂದು ಮಾತೂ ಬರಲಿಲ್ಲ. ಆ ದಿನ ಇಲ್ಲ, ಮಾರನೆಯ ದಿನ ಇಲ್ಲ, ಎರಡು ವಾರ ಇಲ್ಲ. ಆಗ ನನಗೆ ಇನ್ನೊಂದು ಉರಿ ಹತ್ತಿತು. ಹದಿನಾಲ್ಕು ವರ್ಷದ ಹೆಂಡತಿಯ ದನಿ ಇವರಿಗೆ ಗುರುತೂ ಹತ್ತಲಿಲ್ಲವೇ ಎಂದು.

ಆರನೇ ವಾರದ ಪರೀಕ್ಷೆಯಲ್ಲಿ ನಲವತ್ತೇಳು ಬಂತು. ಡಾಕ್ಟರು ಮತ್ತೆ ಊದಿಸಿದಳು, ಅಷ್ಟೇ. ಮತ್ತೆ ಎಕ್ಸ್‌ರೇ ತೆಗೆಸಿ ಹಳೆಯದರ ಪಕ್ಕ ಇಟ್ಟಳು, ಗಾಯ ಹೆಚ್ಚಿರಲಿಲ್ಲ. ಹೊಸದಾಗಿ ದನಿ ಕಡೆಸೋಣ ಅಂದಳು. ಇವರು ನಾಲ್ಕನೆಯ ಸಲ ಊದುವಾಗಲೇ ತುಟಿ ನೀಲಿಯಾಗಿ ಕುರ್ಚಿಯ ಕೈ ಹಿಡಿದುಕೊಂಡರು. ಅಂಕಿ ಮೊದಲಿನಷ್ಟೇ ಇದ್ದರೂ, ಅಂದಿನ ಹಾಗೆ ಹದಿನೈದು ಬಾರಿ ಸಾಲಾಗಿ ಊದುವ ತಾಕತ್ತು ಆ ಎದೆಯಲ್ಲಿ ಉಳಿದಿರಲಿಲ್ಲ. ಇವರನ್ನು ಹೊರಗೆ ಕೂರಿಸಿ ಬಂದ ಮೇಲೆ ಡಾಕ್ಟರು, ಹಳೆಯ ದನಿ ಚೆನ್ನಾಗಿತ್ತಲ್ಲ, ಅದನ್ನೇ ಹಾಕಿ ಅಂದಳು.

ಆಗ ಹೇಳಿದೆ. ಎಲ್ಲ ಹೇಳಿದೆ, ಗಡ್ಡದ ವಿಷಯ ಒಂದು ಬಿಟ್ಟು. ಆಕೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.

"ಮಹಾನಂದಕ್ಕ, ಇದನ್ನ ನಾ ಬರೀಲಾರ್ದ ಇರಾಕ ಆಗೂದಿಲ್ಲ."

"ಬರೀರಿ ಮೇಡಂ."

ಬರೆದಳು. ನನ್ನ ಕೀಲಿಸಂಖ್ಯೆ ರದ್ದಾಯಿತು, ಮನೆಯ ಯಂತ್ರ ವಾಪಸು ಹೋಯಿತು, ಒಂದು ವರ್ಷ ನಾನು ಒತ್ತಾಸೆ ಮುಟ್ಟುವ ಹಾಗಿಲ್ಲ ಎಂದಾಯಿತು. ಅದು ನ್ಯಾಯವೇ. ನನಗೆ ಕಣ್ಣೀರು ಬಂದದ್ದು ಅದಕ್ಕಲ್ಲ. ಎದುರಿನ ಕ್ಯಾಲೆಂಡರಿನಲ್ಲಿ ಇನ್ನು ಹದಿನಾಲ್ಕು ಚೌಕ ಮಾತ್ರ ಇದ್ದವು. ನನ್ನ ಹೊಟ್ಟೆಕಿಚ್ಚಿಗೆ ಇವರ ಉಸಿರು ಆಹುತಿಯಾಗಿತ್ತು.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂರಿಸಿ ಇವರಿಗೂ ಹೇಳಿದೆ. ದನಿ ಅಳಿಸಿದ್ದು ನಾನೇ, ಅದು ಇನ್ನು ಬರುವುದಿಲ್ಲ ಎಂದೂ ಹೇಳಿದೆ.

"ಗೊತ್ತೈತಿ" ಅಂದರು.

"ಯಾವಾಗ ಗೊತ್ತಾತ್ರಿ?"

"ಮೊದಲ ದಿನಾನ. ಕಿವಿಗೆ ಹಾಕ್ಕೊಂಡೆ, ರೀ ಅಂತು. ಹುಲಿಗಿ ನನಗ ಎಂದೂ ರೀ ಅಂದಾಕಿ ಅಲ್ಲ."

ಹಾಗಾದರೆ ಸುಮ್ಮನಿದ್ದದ್ದು ಏಕೆ ಎಂದು ಕೇಳಿದೆ. ಸಿಟ್ಟಿನಲ್ಲಿದ್ದಾಳೆ, ಇಳಿಯಲಿ ಎಂದು ಕಾಯುತ್ತಿದ್ದೆ ಅಂದರು. ಇಷ್ಟು ಬೇಗ ಅಂಕಿ ಇಳಿಯುತ್ತದೆ ಎಂದು ತಿಳಿದಿರಲಿಲ್ಲವಂತೆ. ಗಡ್ಡದ ವಿಷಯವೂ ನನ್ನ ಬಾಯಿಂದ ಬಂದುಬಿಟ್ಟಿತು. ಅವಳಿಗಾಗಿ ದಿನಾ ಗಡ್ಡ ತೆಗೆಯುತ್ತಿದ್ದಿರಲ್ಲ ಎಂದೆ. ಇವರು ಕೆಮ್ಮು ಬರುವ ತನಕ ನಕ್ಕರು. ಗಡ್ಡ ಇದ್ದರೆ ಮಾಸ್ಕಿನ ಪಕ್ಕದಿಂದ ಗಾಳಿ ಸೋರುತ್ತದೆ, ದಿನಾ ತೆಗೆಯಿರಿ ಎಂದು ಯಂತ್ರ ಕೊಟ್ಟ ದಿನ ಹೇಳಿದ್ದು ನಾನೇ ಅಂತೆ. ಹೌದು, ಎಲ್ಲ ರೋಗಿಗಳಿಗೂ ಹೇಳುತ್ತೇನೆ.

ಆಮೇಲೆ ಇವರು ಹುಲಿಗೆವ್ವನ ಮಾತು ಆಡಿದರು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಕ್ವಾರಿಯಲ್ಲಿ ಯಂತ್ರ ಹೋಗದ ಜಾಗದಲ್ಲಿ ಬಂಡೆಯನ್ನು ಹಾರೆ ಹಾಕಿ ಮೀಟಬೇಕು. ಎಂಟು ಜನ, ಎಂಟು ಹಾರೆ, ಒಬ್ಬರು ಕೂಗಬೇಕು. ಕೂಗಿಗೆ ಸರಿಯಾಗಿ ಎಲ್ಲರೂ ಉಸಿರು ಹೊರಗೆ ಬಿಡುತ್ತಾ ಒತ್ತಬೇಕು. ಉಸಿರು ಕಟ್ಟಿ ಒತ್ತಿದವನಿಗೆ ಎದೆ ಹಿಡಿದುಕೊಳ್ಳುತ್ತದೆ. ಯಾರ ಕೈ ಸಡಿಲವಾಯಿತೋ ಅವರ ಹೆಸರು ಹಿಡಿದೇ ಕೂಗಬೇಕು, ಇಲ್ಲದಿದ್ದರೆ ಬಂಡೆ ಕಾಲ ಮೇಲೆ ಬರುತ್ತದೆ. ಅಲ್ಲಿ ಗಂಡ, ಭಾವ, ಮಾವ ಎಂದು ನಾಚಿಕೊಂಡು ಕೂತರೆ ಆಗುವುದಿಲ್ಲ. ಹುಲಿಗೆವ್ವ ಹತ್ತು ವರ್ಷ ಇವರ ಎಡಕ್ಕೆ ನಿಂತು ಕೂಗಿದವಳು. ಇವರ ಉಸಿರು ಹೊರಗೆ ಬೀಳುವುದನ್ನು ಕಲಿತದ್ದೇ ಆ ಕೂಗಿಗೆ.

"ಮನ್ಯಾಗರ ಚಂದಂಗ ಮಾತಾಡ್ತಿದ್ದಿರೇನು?" ಎಂದು ಕೇಳಿದೆ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ.

"ಮನಿಗೆ ಬಂದ ಮ್ಯಾಲ ಮಾತಾಡಾಕ ಇಬ್ಬರಿಗೂ ದಮ್ ಉಳೀತಿದ್ದಿಲ್ಲ."

ಅವಳು ಮೂವತ್ತೊಂದಕ್ಕೆ ಹೋದಳು. ಧೂಳು ತಿಂದೇ ಹೋದಳು. ಆಗ ಈ ದವಾಖಾನೆ ಇರಲಿಲ್ಲ, ಅವಳನ್ನು ಯಾರೂ ಕೂರಿಸಿ ಊದಿಸಲಿಲ್ಲ, ಅವಳ ಅಂಕಿ ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ. ನಾನು ಕೇಳಿದ ದನಿಯಲ್ಲಿ ಕೆಮ್ಮು ಇರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು. ಅವಳ ಒಳ್ಳೆಯ ದಿನಗಳ ದನಿಯನ್ನು ಇವರ ಎದೆ ಕಾಪಾಡಿಕೊಂಡಿತ್ತು, ನಾನು ಎರಡು ಸಲ ಹೌದು ಎಂದು ಒತ್ತಿ ಕೊಂದೆ. ತಪ್ಪಾಯಿತು ಅಂದೆ. ಇವರು ಕಿಟಕಿಯ ಕಡೆ ಮುಖ ಮಾಡಿ, "ಹದಿನೇಳು ವರ್ಷದ ಮ್ಯಾಲ ನಾಕು ವಾರ ಬಂದು ದುಡುದು ಹೋದ್ಲು. ಸಾಕು" ಅಂದರು.

ನಾನು ಕೇಳಬಾರದ್ದನ್ನು ಕೇಳಿದೆ. ನನ್ನ ದನಿಗೆ ಯಾಕೆ ನಿಮ್ಮ ಉಸಿರು ಬರುವುದಿಲ್ಲ ಎಂದು.

"ನಿನ್ನ ದನಿ ಕೇಳಿದ್ರ ಕೆಲಸ ಮುಗೀತು ಅನ್ನಸ್ತೈತಿ ನನಗ. ಚಾ ಐತಿ, ರೊಟ್ಟಿ ಐತಿ, ಇನ್ನ ಕಾಲ ಚಾಚಬಹುದು ಅಂತ. ಎದಿ ತಾನ ಸಡಿಲ ಬಿಡತೈತಿ. ನಾ ಏನ್ ಮಾಡ್ಲಿ, ಮಾನಂದಾ?"

ಹದಿನಾಲ್ಕು ವರ್ಷದಿಂದ ಯಾವ ಮಾತಿಗೆ ಕಾದಿದ್ದೆನೋ ಆ ಮಾತು ಅದು. ಅದು ಇವರನ್ನು ಕೊಲ್ಲುವಂಥ ದಿನ ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಮಾರನೆಯ ದಿನದಿಂದ ಯಂತ್ರವಿಲ್ಲದೆ ಶುರು ಮಾಡಿದೆವು. ಮೂರು ಹೊತ್ತೂ ಇವರ ಎಡಕ್ಕೆ ನಿಂತು ನಾನೇ ಕೂಗಿದೆ. ಒತ್ತು ಎಂಬ ಮಾತು ಹೇಗೋ ಬಂತು. ಇವರನ್ನು ಏಕವಚನದಲ್ಲಿ ಕರೆಯುವುದೂ ಎರಡು ದಿನ ನಾಲಿಗೆ ತೊದಲಿ ಮೂರನೆಯ ದಿನಕ್ಕೆ ಬಂತು. ಹೆಸರು ಬರಲಿಲ್ಲ. ಬಾಗಿಲು ಹಾಕಿಕೊಂಡು ಕುಕ್ಕರಿಗೆ ಹೇಳಿ ನೋಡಿದೆ, ಬಂತು. ಇವರ ಮುಖ ಕಂಡರೆ ಮೊದಲ ಅಕ್ಷರಕ್ಕೇ ನಿಲ್ಲುತ್ತಿತ್ತು. ನಾನು ಹಾಗೆ ಸಿಕ್ಕಿಹಾಕಿಕೊಂಡು ನಿಂತದ್ದನ್ನು ನೋಡಿ ಇವರಿಗೆ ನಗು ಬಂದು ಎಳೆದುಕೊಂಡ ಉಸಿರೆಲ್ಲ ಮೂಗಿನಿಂದ ಹೋಗುತ್ತಿತ್ತು. ಏಳನೇ ವಾರದ ಪರೀಕ್ಷೆಯಲ್ಲಿ ನಲವತ್ತೆಂಟು. ತಂಡ ಬರುವ ಹಿಂದಿನ ದಿನ ನಲವತ್ತೊಂಬತ್ತು. ಒಂದು ಅಂಕಿ ಬೇಕಿತ್ತು. ಆ ಒಂದು ಅಂಕಿಗೆ ಅಡ್ಡ ನಿಂತದ್ದು ನನ್ನ ನಾಲಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಇವರು ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ.

ತೊಳೆಯುವ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಇಪ್ಪತ್ತೈದು ಮೂವತ್ತು ಜನ ಕೂತಿದ್ದರು. ಸೆಖೆಗೆ ಬಾಗಿಲು ತೆರೆದೇ ಇತ್ತು. ಎಲ್ಲರೂ ನನ್ನನ್ನು ಬಲ್ಲವರು. ಹೊರಗಿನ ತಂಡದ ಇಬ್ಬರು ಡಾಕ್ಟರು ಗೋಡೆಗೆ ಒರಗಿ ನಿಂತಿದ್ದರು. ಊದಿಸುವುದು ನಾನೇ ಆಗಲಿ ಎಂದು ಅರ್ಜುಮಂದ್ ಮೇಡಂಗೆ ಕೇಳಿಕೊಂಡೆ. ಆಕೆ ಅವರ ಕಡೆ ಒಮ್ಮೆ ನೋಡಿ, ಕೂಗುವುದಕ್ಕೆ ಕೀಲಿಸಂಖ್ಯೆ ಬೇಕಿಲ್ಲ ಅಂದಳು. ಮೂರು ಸಲ ಊದಿಸಬೇಕು, ಮೂರರಲ್ಲಿ ದೊಡ್ಡದನ್ನು ಹಿಡಿಯಬೇಕು, ಅದು ಎಲ್ಲರಿಗೂ ಇರುವ ನಿಯಮ.

ಮೂಗಿಗೆ ಕ್ಲಿಪ್ ಹಾಕಿದೆ. ಮೊದಲನೆಯದಕ್ಕೆ, ಅಷ್ಟು ಜನರ ಎದುರು ಏಕವಚನವೂ ಬಾರದೆ, ರೀ, ಒತ್ತ್ರಿ ಅಂದೆ. ನಲವತ್ತೇಳು. ಎರಡನೆಯದಕ್ಕೆ ಒತ್ತು, ಒತ್ತು, ಇನ್ನೂ ಒತ್ತು ಎಂದು ಕಿರುಚಿದೆ. ನಲವತ್ತೊಂಬತ್ತು. ತಂಡದವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಇವರು ಕೊಳವೆ ಬಾಯಿಂದ ತೆಗೆದು ದಣಿವಾರಿಸಿಕೊಂಡರು. ಹಣೆಯಲ್ಲಿ ಬೆವರು. ಸಾಕು, ಆಗದಿದ್ದರೆ ಇಲ್ಲ ಎಂದು ಕಣ್ಣಲ್ಲೇ ಅಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಆಗದಿದ್ದರೆ ಇಲ್ಲ ಎನ್ನಲು ಇವರು ಯಾರು? ಅವಳಿಗೆ ಹತ್ತು ವರ್ಷ ಕೊಟ್ಟ ಉಸಿರಿನಲ್ಲಿ ನನಗೆ ಒಂದು ಅಂಕಿ ಕೊಡಲು ಆಗುವುದಿಲ್ಲವೇ?

ಎದುರಿನಿಂದ ಸರಿದು ಎಡಕ್ಕೆ ಬಂದು ನಿಂತೆ. ಕೊಳವೆ ಬಾಯಿಗಿಟ್ಟೆ. ಎಳೆದುಕೊಂಡರು, ಎದೆ ಮೇಲೆ ಬಂತು, ಬಂದು ನಿಂತಿತು.

"ಯಮನೂರಾ, ಒತ್ತು."

ಬಾಗಿಲ ಬಳಿ ಕೂತಿದ್ದ ಮುದುಕಿಯೊಬ್ಬಳು ಗಲ್ಲದ ಮೇಲೆ ಕೈ ಇಟ್ಟುಕೊಂಡಳು. ನಾನು ನಿಲ್ಲಿಸಲಿಲ್ಲ. ಯಮನೂರಾ ಒತ್ತು, ಸಡಿಲ ಬಿಡಬ್ಯಾಡ ಯಮನೂರಾ, ಇನ್ನಾ ಒತ್ತು ಎಂದು ಆರು ಸೆಕೆಂಡೂ ಕೂಗಿದೆ. ಇವರ ಪಾದ ಅಗಲವಾಗಿ ನೆಲಕ್ಕೆ ಒತ್ತಿದವು, ಕತ್ತಿನ ನರ ಎದ್ದವು, ಕೆನ್ನೆ ಉಬ್ಬಲಿಲ್ಲ. ಗೆರೆ ಏರಿ ಏರಿ ಹೋಗಿ ಮಲಗಿತು. ಡಾಕ್ಟರು ಪರದೆಯತ್ತ ಬಗ್ಗಿ ಓದಿದಳು. ಐವತ್ತೊಂದು.

ತಂಡದವರು ಕಾಗದಕ್ಕೆ ಸಹಿ ಹಾಕಿದರು. ಇವರು ಮೂಗಿನ ಕ್ಲಿಪ್ ತೆಗೆದುಕೊಂಡು ಬಹಳ ಹೊತ್ತು ಸುಧಾರಿಸಿಕೊಂಡರು. ಹತ್ತಿರ ಬಾ ಎಂದು ಸನ್ನೆ ಮಾಡಿ, ಉಸಿರು ಸಿಕ್ಕಷ್ಟಕ್ಕೆ ಮೆಲ್ಲಗೆ ಹೇಳಿದರು.

"ಊಟಕ್ಕ ಕರಿಯುವಾಗ ಮಾತ್ರ ಹೆಸರ ಹಿಡೀಬ್ಯಾಡ. ಎದ್ದು ಕೆಲಸಕ್ಕ ಹೋಗಿಬಿಟ್ಟೇನು."

ಒಳಗೆ ಕರೆದುಕೊಂಡು ಹೋದರು. ನಾಲ್ಕು ಗಂಟೆ ಹೊರಗೆ ಕೂತಿದ್ದೆ. ಮಧ್ಯಾಹ್ನ ಡಾಕ್ಟರು ಬಂದು, ಚೆನ್ನಾಗಿ ಆಯಿತು, ನೋಡಬೇಕಾದರೆ ನೋಡಿ ಎಂದು ಸಾಲಾಗಿ ಇಟ್ಟ ಗಾಜಿನ ಜಾಡಿಗಳನ್ನು ತೋರಿಸಿದಳು. ಮೊದಲನೆಯದರಲ್ಲಿ ನೀರು ಕದಡಿ ಮಣ್ಣಾಗಿತ್ತು, ಕೊನೆಯದರಲ್ಲಿ ತಿಳಿಯಾಗಿತ್ತು. ಆ ಮೊದಲ ಜಾಡಿಯ ಮಣ್ಣಿನಲ್ಲಿ ಅರ್ಧ ಹುಲಿಗೆವ್ವನ ಜೊತೆ ನಿಂತು ನುಂಗಿದ್ದು, ಅರ್ಧ ನನ್ನನ್ನು ಸಾಕಲು ನುಂಗಿದ್ದು. ಎಲ್ಲಿ ಯಾವುದು ಎಂದು ಬೇರೆ ಮಾಡುವ ಯಂತ್ರ ಇನ್ನೂ ಬಂದಿಲ್ಲ. ಬಂದರೂ ನನ್ನ ಕೈಗೆ ಕೊಡಬಾರದು.

ತಪ್ಪೊಪ್ಪಿಕೊಂಡೆ, ಕಣ್ಣೀರು ಹಾಕಿದೆ, ಹೆಸರೂ ಹಿಡಿದೆ, ಇನ್ನು ಹೊಟ್ಟೆಕಿಚ್ಚು ಇಳಿದಿರಬೇಕು ಎಂದು ನೀವು ಅಂದುಕೊಂಡಿದ್ದರೆ ನನ್ನನ್ನು ತಿಳಿದೇ ಇಲ್ಲ. ಅವಳದು ಐವತ್ತನಾಲ್ಕು, ನನ್ನದು ಐವತ್ತೊಂದು. ಆ ಮೂರು ಅಂಕಿ ದಿನಾ ಬೆಳಿಗ್ಗೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಈ ವರ್ಷ ತೊಳೆದದ್ದು ಬಲಗಡೆಯದು. ಮುಂದಿನ ವರ್ಷ ತಂಡ ಬಂದಾಗ ಎಡಗಡೆಯದನ್ನು ತೊಳೆಯಬೇಕು, ಅದಕ್ಕೆ ಮುಂಚೆ ಮತ್ತೆ ಊದಬೇಕು. ಅಂದು ಆ ಕುರ್ಚಿಯಲ್ಲಿ ಐವತ್ತೈದು ಊದಿಸದಿದ್ದರೆ ನನ್ನ ಹೆಸರು ಮಹಾನಂದಾ ಅಲ್ಲ.